ದುಡಿಮೆಗಾರನ ವಿದ್ಯಾಭ್ಯಾಸ

ಶಾಲೆಯ ಕಡೆಯ ಪರೀಕ್ಷೆಯೊಡನೆ ವಿದ್ಯಾಭ್ಯಾಸವು ಮುಗಿಯಿತೆಂದು ಭಾವಿಸುವವರು ನಮ್ಮಲ್ಲಿ ಅನೇಕರು. ಆದರೆ ಜೀವನೋಪಾಯಕ್ಕೆ ಬೇಕಾದ ವಿದ್ಯೆಯ ಬಹುಭಾಗವನ್ನು ಮನುಷ್ಯನು ಕೆಲಸಕ್ಕೆ ಸೇರಿದ ತರುವಾಯವೇ ಪಡೆಯುತ್ತಾನೆ. ಅದನ್ನು ಪಡೆಯುವ ಮಾರ್ಗಗಳು ಎರಡು. ಹಿರಿಯ ಕೆಲಸಗಾರರ ಜೊತೆಯಲ್ಲಿ ದುಡಿಯುತ್ತ, ನೋಡಿ ಕಲಿಯುವುದು ಒಂದು. ಕೆಲವು ದಿನ ಬಿಡುವು ಪಡೆದು, ಬಲ್ಲವರ ಬಳಿ ಕುಳಿತು, ತಾನು ಮಾಡುವ ಕೆಲಸದ ಕಾರಣವನ್ನು ಅರಿಯುವುದು ಇನ್ನೊಂದು. ಇವೆರಡೂ ಏಕೆ ಬೇಕೆಂಬುದನ್ನು ನಾವು ಇಲ್ಲಿ ವಿಚಾರ ಮಾಡೋಣ.

ಮೊದಲನೆಯ ಮಾರ್ಗಕ್ಕೆ ಉದಾಹರಣೆಯನ್ನು ದೂರ ಹುಡುಕಬೇಕಾಗಿಲ್ಲ. ಈ ಚೆನ್ನೈ ನಗರದ ಉಡುಪಿ ಹೋಟೆಲುಗಳು ಕನ್ನಡಿಗರಿಗೆ ದೊಡ್ಡ ಪಾಠಶಾಲೆಗಳಾಗಿದ್ದುವು. ಊರಿನಿಂದ ಬಂದ ಹುಡುಗನು ಮೊದಲು ತಟ್ಟೆ ಲೋಟ ತೊಳೆಯುವನು, ಆಮೇಲೆ ಹಿಟ್ಟು ರುಬ್ಬುವನು, ಸಪ್ಲೈಯರನಾಗುವನು, ನಂಬಿಕೆ ಗಳಿಸಿದರೆ ಗಲ್ಲಾದ ಬಳಿ ಕುಳಿತುಕೊಳ್ಳುವನು. ದಕ್ಷಿಣ ಕನ್ನಡದ ಕಡಂದಲೆಯವರಾದ ಕೆ. ಕೃಷ್ಣರಾಯರು ಹೀಗೆಯೇ ಅಡುಗೆಮನೆಯ ದುಡಿಮೆಯಿಂದ ಮೇಲೆ ಬಂದು, 1930ರ ದಶಕದ ಕೊನೆಯಲ್ಲಿ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ಹೋಟೆಲನ್ನು ಸ್ಥಾಪಿಸಿದರು. ಹೋಟೆಲಿನಲ್ಲಿ ಈ ಕಲಿಕೆ ಫಲಿಸುವುದಕ್ಕೆ ಒಂದು ಕಾರಣವುಂಟು. ಅಲ್ಲಿ ತಪ್ಪು ಬೇಗನೆ ಗೊತ್ತಾಗುತ್ತದೆ. ಹಿಟ್ಟು ಹದ ತಪ್ಪಿದರೆ ಮರುದಿನ ಬೆಳಗ್ಗೆ ಇಡ್ಲಿಯೇ ಹೇಳುತ್ತದೆ.

ಎಲ್ಲ ಉದ್ಯಮಗಳೂ ಹಾಗಿಲ್ಲ. ತಪ್ಪು ಕಣ್ಣಿಗೆ ಕಾಣದ ಉದ್ಯಮಗಳಲ್ಲಿ ಕೈಯ ಅಭ್ಯಾಸವೊಂದೇ ಸಾಲದು. ಇದನ್ನು ಅರಿಯಬೇಕಾದರೆ ಅಡ್ಯಾರಿನ ಕೇಂದ್ರೀಯ ಚರ್ಮ ಸಂಶೋಧನಾಲಯದ ಕೆಲಸವನ್ನು ತಿಳಿಯಬೇಕು. 1948ರಲ್ಲಿ ಸ್ಥಾಪಿತವಾದ ಈ ಸಂಸ್ಥೆಗೆ ಡಾ. ವೈ. ನಾಯುಡಮ್ಮನವರು 1958ರಲ್ಲಿ ನಿರ್ದೇಶಕರಾದರು. ಸಂಶೋಧನೆಯಲ್ಲದೆ, ಚರ್ಮದ ಕಾರ್ಖಾನೆಗಳಲ್ಲಿ ಈಗಾಗಲೇ ದುಡಿಯುತ್ತಿರುವವರಿಗೆ ಅಲ್ಪಾವಧಿಯ ಶಿಕ್ಷಣ ಕೊಡುವುದೂ ಇದರ ಕೆಲಸಗಳಲ್ಲೊಂದು. ಸಂಸ್ಥೆಯ ಆವರಣದಲ್ಲಿಯೇ ಮಾದರಿ ಕಾರ್ಖಾನೆಯಿರುವುದರಿಂದ, ಪಾಠದಲ್ಲಿ ಕೇಳಿದುದನ್ನು ಕೈಯಿಂದ ಮಾಡಿ ನೋಡಬಹುದು.

ತೊಗಲನ್ನು ಹದ ಮಾಡುವ ಕ್ರಮವನ್ನು ಗಮನಿಸಿರಿ. ಉಪ್ಪು ಹಾಕಿದ ತೊಗಲನ್ನು ಮೊದಲು ನೀರಿನಲ್ಲಿ ನೆನೆಯಿಸುತ್ತಾರೆ. ಬಳಿಕ ಸುಣ್ಣ ಮತ್ತು ಸೋಡಿಯಂ ಸಲ್ಫೈಡುಗಳಿಂದ ಕೂದಲನ್ನು ತೆಗೆಯುತ್ತಾರೆ. ಆಮೇಲೆ ಉಪ್ಪು ಮತ್ತು ಗಂಧಕಾಮ್ಲದ ನೀರಿನಲ್ಲಿಟ್ಟು, ಕ್ರೋಮಿಯಂ ಲವಣದಿಂದ ಹದ ಮಾಡುತ್ತಾರೆ. ಒಂದು ತುಂಡನ್ನು ಕುದಿಯುವ ನೀರಿಗೆ ಹಾಕಿದಾಗ ಅದು ಮುದುಡದಿದ್ದರೆ ಹದ ಸರಿಯಾಯಿತೆಂದು ಅರ್ಥ. ಇಷ್ಟನ್ನು ಹಿರಿಯ ಕೆಲಸಗಾರನು ಹೇಳಿಕೊಡಬಲ್ಲನು.

ಆದರೆ ಸಲ್ಫೈಡಿರುವ ಸುಣ್ಣದ ನೀರು ಆಮ್ಲದ ನೀರಿನೊಡನೆ ಒಂದೇ ಗುಂಡಿಯಲ್ಲಿ ಸೇರಿದರೆ ಹೈಡ್ರೊಜನ್ ಸಲ್ಫೈಡ್ ಎಂಬ ವಿಷವಾಯು ಹುಟ್ಟುತ್ತದೆ. ಅದು ಸ್ವಲ್ಪವಿರುವಾಗ ಕೊಳೆತ ಮೊಟ್ಟೆಯ ನಾತ ಬರುತ್ತದೆ. ಹೆಚ್ಚಾದಾಗ ಮೂಗು ಆ ನಾತವನ್ನು ಗ್ರಹಿಸುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. ನಾತ ಹೋಯಿತು, ಅಪಾಯವಿಲ್ಲ ಎಂದು ಗುಂಡಿಗೆ ಇಳಿದವನು ಕ್ಷಣದಲ್ಲಿ ಬೀಳುವನು; ಅವನನ್ನು ಎತ್ತಲು ಧಾವಿಸಿ ಇಳಿದವನೂ ಬೀಳುವನು. ಇಪ್ಪತ್ತು ವರ್ಷದ ಅನುಭವವಿದ್ದರೂ ಈ ಕಾರಣವನ್ನು ತಿಳಿಯದವನಿಗೆ ರಕ್ಷಣೆಯಿಲ್ಲ. ಒಂದು ಗಂಟೆಯ ಪಾಠವು ಅವನ ಪ್ರಾಣವನ್ನು ಉಳಿಸಬಹುದು.

ಕಾರ್ಖಾನೆಯ ಹೊರಗೂ ಇದರ ಪರಿಣಾಮವುಂಟು. ಹಳೆಯ ಪದ್ಧತಿಯಲ್ಲಿ ಹಾಕಿದ ಕ್ರೋಮಿಯಮ್ಮಿನ ಸುಮಾರು ಮೂರರಲ್ಲೊಂದು ಪಾಲು ಚರ್ಮಕ್ಕೆ ಹಿಡಿಯದೆ ನೀರಿನಲ್ಲಿ ಉಳಿಯುತ್ತದೆ. ಅಂಬೂರು, ವಾಣಿಯಂಬಾಡಿ, ರಾಣಿಪೇಟೆಗಳ ಕಾರ್ಖಾನೆಗಳ ಕೊಳಚೆಯಿಂದ ಪಾಲಾರ್ ನದಿಯ ಬಯಲು ಕೆಟ್ಟಿತು. ಬಾವಿಗಳೂ ಹೊಲಗಳೂ ಹಾಳಾದುವು. ಈ ಹಾನಿಯ ಬೆಲೆಯನ್ನು ಮಲಿನ ಮಾಡಿದವರೇ ತೆರಬೇಕೆಂದು ಸುಪ್ರೀಂ ಕೋರ್ಟು 1996ರಲ್ಲಿ ತೀರ್ಪು ನೀಡಿತು. ನೀರನ್ನು ಶುದ್ಧಿಮಾಡುವ ಯಂತ್ರವನ್ನು ಹಣ ಕೊಟ್ಟು ತರಬಹುದು. ಆದರೆ ಯಾವ ನೀರನ್ನು ಯಾವ ಕಾಲುವೆಗೆ ಬಿಡಬೇಕು, ಔಷಧವನ್ನು ಎಷ್ಟು ಬೆರೆಸಬೇಕು ಎಂಬುದನ್ನು ಅರಿತು ನಡೆಸುವವರಿಲ್ಲದಿದ್ದರೆ ಆ ಯಂತ್ರವು ವ್ಯರ್ಥ.

ಹೀಗಿದ್ದರೂ ಕೆಲಸಗಾರರನ್ನು ಶಿಕ್ಷಣಕ್ಕೆ ಕಳುಹಿಸಲು ಕೆಲವು ಮಾಲೀಕರು ಹಿಂಜರಿಯುವುದುಂಟು. ಕಲಿತವನು ಹೆಚ್ಚು ಸಂಬಳಕ್ಕೆ ಬೇರೆಡೆಗೆ ಹೋದಾನೆಂಬುದು ಅವರ ಭಯ. ದಿನಗೂಲಿ ಕಳೆದುಕೊಂಡು ಕಲಿಯುವುದು ಹೇಗೆಂಬುದು ಕೆಲಸಗಾರನ ಚಿಂತೆ. ಎರಡೂ ಸುಳ್ಳಲ್ಲ. ಆದುದರಿಂದ ಕಲಿಯುವ ದಿನಗಳ ಕೂಲಿಯನ್ನು ಕೊಡತಕ್ಕದ್ದು. ಮರಳಿ ಬಂದವನಿಗೆ ಕಲಿತುದನ್ನು ಪ್ರಯೋಗಿಸುವ ಅಧಿಕಾರವನ್ನೂ ತಕ್ಕ ಸಂಬಳವನ್ನೂ ಕೊಡತಕ್ಕದ್ದು. ಅವನು ತನ್ನ ಜೊತೆಯವರಿಗೆ ಅದನ್ನು ಕಲಿಸುವಂತೆ ಏರ್ಪಡಿಸತಕ್ಕದ್ದು. ಹೀಗೆ ಮಾಡಿದಲ್ಲಿ ಒಬ್ಬನು ಹೋದರೂ ವಿದ್ಯೆಯು ಕಾರ್ಖಾನೆಯಲ್ಲಿ ಉಳಿಯುತ್ತದೆ. ಕಲಿಯುವವನಿಗೂ ಶಿಷ್ಯವೇತನ ಸಲ್ಲಬೇಕೆಂಬ ತತ್ತ್ವವನ್ನು ನಮ್ಮ ದೇಶವು 1961ರ ಅಪ್ರೆಂಟಿಸ್ ಕಾಯಿದೆಯಲ್ಲಿ ಆಗಲೇ ಒಪ್ಪಿದೆ.

ತೊಗಲಿನ ಕೆಲಸವನ್ನು ಕೀಳೆಂದು ಎಣಿಸಿ, ಅದನ್ನು ಮಾಡುವವರನ್ನು ಶತಮಾನಗಳ ಕಾಲ ವಿದ್ಯೆಯಿಂದ ದೂರವಿಟ್ಟ ಸಮಾಜ ನಮ್ಮದು. ಅವರಿಗೆ ಶಿಕ್ಷಣ ಸಲ್ಲುವುದು ಉಪಕಾರವಲ್ಲ, ನ್ಯಾಯ.

ವಿದ್ಯಾರ್ಥಿಮಿತ್ರರೇ, ಆಮ್ಲವು ಸಲ್ಫೈಡಿನೊಡನೆ ಸೇರಿದರೆ ಏನಾಗುವುದೆಂಬುದು ನಮ್ಮ ರಸಾಯನಶಾಸ್ತ್ರದ ಪಾಠದಲ್ಲಿ ಒಂದು ಸಾಲು. ಪರೀಕ್ಷೆಗಾಗಿ ಬಾಯಿಪಾಠ ಮಾಡಿ ಮರೆಯುವ ಆ ಸಾಲನ್ನು ತಿಳಿದುಕೊಳ್ಳಲು, ನಲವತ್ತು ವರ್ಷ ವಯಸ್ಸಿನ ಕೆಲಸಗಾರನೊಬ್ಬನು ಅಡ್ಯಾರಿಗೆ ಬಂದು ಬೆಂಚಿನ ಮೇಲೆ ಕುಳಿತುಕೊಳ್ಳುತ್ತಾನೆ. ಮುಂದೆ ನಾವು ಯಾವ ಉದ್ಯೋಗವನ್ನು ಹಿಡಿದರೂ ಹಾಗೆ ಮತ್ತೆ ಕುಳಿತು ಕಲಿಯಲು ನಾಚದಿರೋಣ.