ಒಂದು ಕಾಲಿನಲ್ಲಿ ಚಕ್ರ ಬಿಚ್ಚುವವರು

ಪ್ರಶ್ನೆ: ಮದ್ದೂರು–ಮಳವಳ್ಳಿ ರಸ್ತೆಯಲ್ಲಿ ಓಡಾಡುವಾಗ ಪಂಕ್ಚರ್ ಅಂಗಡಿ ಇಟ್ಟಿರುವ ಒಬ್ಬರನ್ನು ನೋಡುತ್ತಿರುತ್ತೇನೆ. ಮೊಣಕಾಲಿನಿಂದ ಕೆಳಗೆ ಒಂದು ಕಾಲಿಲ್ಲ. ಕಬ್ಬಿನ ಟ್ರ್ಯಾಕ್ಟರ್ ಟ್ರೇಲರ್ ಚಕ್ರವನ್ನೂ ಅವರೇ ಬಿಚ್ಚುತ್ತಾರೆ. ಇಷ್ಟು ಭಾರದ ಕೆಲಸ ಹೇಗೆ ಸಾಧ್ಯ? ಕೃತಕ ಕಾಲು ಇದ್ದರೂ ಅದನ್ನು ಬಿಚ್ಚಿ ಪಕ್ಕಕ್ಕೆ ಇಟ್ಟಿರುತ್ತಾರಲ್ಲ, ಯಾಕೆ? ಅವರನ್ನೇ ಕೇಳಲು ಸಂಕೋಚ.
– ಓದುಗರೊಬ್ಬರು, ಮಳವಳ್ಳಿ

ಉತ್ತರ: ಪಂಕ್ಚರ್ ಕೆಲಸದಲ್ಲಿ ಎತ್ತುವುದು ಕಡಿಮೆ, ಮೀಟುವುದು ಹೆಚ್ಚು. ಗಾಡಿಯನ್ನು ಎತ್ತುವುದು ಜಾಕಿ. ಚಕ್ರವನ್ನು ಯಾರೂ ಹೊರುವುದಿಲ್ಲ, ನೆಟ್ಟಗೆ ನಿಲ್ಲಿಸಿ ಉರುಳಿಸುತ್ತಾರೆ. ಎರಡು ಕಾಲಿನವರು ಇಲ್ಲಿ ಕಾಲಿಗೆ ಕೆಲಸ ಕೊಡುವುದು ಎಲ್ಲೆಲ್ಲಿ ಎಂದು ಒಮ್ಮೆ ಗಮನಿಸಿ. ಬಿಗಿದ ನಟ್ಟು ಸಡಿಲಿಸಲು ಸ್ಪ್ಯಾನರ್ ಮೇಲೆ ಹತ್ತಿ ನಿಲ್ಲುತ್ತಾರೆ, ರಿಮ್ಮಿಗೆ ಕಚ್ಚಿದ ಟೈರನ್ನು ತುಳಿದು ಬಿಡಿಸುತ್ತಾರೆ, ಲಿವರ್ ಹಾಕುವಾಗ ಟೈರ್ ಜಾರದಂತೆ ಮೆಟ್ಟಿ ಹಿಡಿಯುತ್ತಾರೆ. ಈ ಮೂರಕ್ಕೂ ಬದಲಿ ದಾರಿ ಇದೆ. ಎರಡು ಅಡಿಯ ಸ್ಪ್ಯಾನರ್ ಹಿಡಿಗೆ ಕಬ್ಬಿಣದ ಪೈಪು ತೂರಿಸಿ ನಾಲ್ಕು ಅಡಿ ಮಾಡಿದರೆ ಅದೇ ನಟ್ಟಿಗೆ ಅರ್ಧ ಬಲ ಸಾಕು. ಕಚ್ಚಿದ ಟೈರಿಗೆ ಸುತ್ತಿಗೆ ಮತ್ತು ಇನ್ನೊಂದು ಉದ್ದ ಲಿವರ್. ಮೆಟ್ಟಿ ಹಿಡಿಯುವ ಬದಲು ನೆಲಕ್ಕೆ ಕೂತು, ತೊಡೆಯನ್ನೇ ಟೈರಿನ ಮೇಲೆ ಊರಿ ಕೆಲಸ ಮಾಡಬಹುದು. ಟ್ಯೂಬ್ ಉಜ್ಜಿ, ಸಲ್ಯೂಷನ್ ಹಚ್ಚಿ, ಪ್ಯಾಚ್ ಒತ್ತುವುದಂತೂ ಎಲ್ಲರೂ ಕೂತೇ ಮಾಡುವ ಕೆಲಸ. ನೀವು ಬೆರಗಾಗಬೇಕಾದದ್ದು ಅವರ ತೋಳಿನ ಬಲಕ್ಕಲ್ಲ, ಯಾವ ಸಾಮಾನು ಎಲ್ಲಿ ಕೈಗೆ ಸಿಗಬೇಕು ಎಂದು ಅಂಗಡಿಯನ್ನು ಅವರು ಜೋಡಿಸಿಕೊಂಡಿರುವ ಬಗೆಗೆ. ಒಂದು ಲಿವರ್ ಆಚೆ ಬಿದ್ದರೆ ಅವರು ಎದ್ದು, ಊರುಗೋಲು ಹಿಡಿದು, ಹೋಗಿ ತರಬೇಕು. ಹಾಗೆ ಹತ್ತು ಸಲ ಆದರೆ ಆ ದಿನದ ಶಕ್ತಿ ಅಲ್ಲಿಗೇ ಮುಗಿಯಿತು.

ಇದೇ ಕೆಲಸ ಒಂದು ಕೈ ಹೋದವರಿಗೆ ಇನ್ನೂ ಕಷ್ಟ. ಆಲೆಮನೆಯ ಗಾಣಕ್ಕೆ ಕಬ್ಬು ಕೊಡುವಾಗ ಕೈ ಸಿಕ್ಕಿಸಿಕೊಂಡವರು ನಮ್ಮ ಸೀಮೆಯಲ್ಲಿದ್ದಾರೆ. ಟ್ಯೂಬನ್ನು ಎಳೆದು ಹಿಡಿಯಲು ಒಂದು ಕೈ, ಉಜ್ಜಲು ಇನ್ನೊಂದು ಬೇಕು. ಎಳನೀರಿಗೂ ಹಾಗೆಯೇ, ಕಾಯಿ ಹಿಡಿಯುವ ಕೈ ಬೇರೆ, ಮಚ್ಚು ಬೀಸುವ ಕೈ ಬೇರೆ. ಕಾಲಿಲ್ಲದಿರುವುದು ದೂರದಿಂದಲೇ ಕಾಣುತ್ತದೆ ಎಂದು ನಾವು ಅದನ್ನೇ ದೊಡ್ಡ ನಷ್ಟ ಎಂದುಕೊಳ್ಳುತ್ತೇವೆ. ಯಾವ ಅಂಗ ಹೋದರೆ ಎಷ್ಟು ನಷ್ಟ ಎಂಬುದನ್ನು ಮಾಡುವ ಕೆಲಸ ನಿರ್ಧರಿಸುತ್ತದೆ.

ಇನ್ನು ಬಿಚ್ಚಿಟ್ಟ ಕೃತಕ ಕಾಲು. ಉಪಯೋಗವಿಲ್ಲವೆಂದು ಬಿಚ್ಚುವುದಲ್ಲ. ಕತ್ತರಿಸಿ ಉಳಿದ ಕಾಲಿನ ತುದಿ ಒಂದು ಗಟ್ಟಿ ಪ್ಲಾಸ್ಟಿಕ್ ಚಿಪ್ಪಿನೊಳಗೆ ಕೂರುತ್ತದೆ. ಅದನ್ನು ಸಾಕೆಟ್ ಎನ್ನುತ್ತಾರೆ. ಅದಕ್ಕೆ ಗಾಳಿ ಆಡುವುದಿಲ್ಲ. ಮಾರ್ಚ್–ಏಪ್ರಿಲ್ ಬಿಸಿಲಿನಲ್ಲಿ, ಡಾಂಬರಿನ ಪಕ್ಕ, ಒಳಗೆಲ್ಲ ಬೆವರು ತುಂಬುತ್ತದೆ. ಒದ್ದೆ ಚರ್ಮ ಉಜ್ಜಿ ಬೊಬ್ಬೆ ಏಳುತ್ತದೆ, ಬೊಬ್ಬೆ ಹುಣ್ಣಾಗುತ್ತದೆ. ಹುಣ್ಣಾದರೆ ವಾರಗಟ್ಟಲೆ ಆ ಕಾಲು ಹಾಕುವಂತಿಲ್ಲ. ಸಕ್ಕರೆ ಕಾಯಿಲೆಯಿಂದ ಕಾಲು ಕಳೆದುಕೊಂಡವರಿಗೆ ಹುಣ್ಣು ಇನ್ನೂ ಅಪಾಯ. ಮೇಲಾಗಿ ಶಸ್ತ್ರಚಿಕಿತ್ಸೆಯಾದ ಮೊದಲ ತಿಂಗಳುಗಳಲ್ಲಿ ತುದಿ ಸೊರಗುತ್ತಾ ಹೋಗುತ್ತದೆ, ಆಗ ಅಳತೆ ತೆಗೆದು ಮಾಡಿದ ಸಾಕೆಟ್ ಆಮೇಲೆ ಸಡಿಲ. ದಪ್ಪ ಕಾಲುಚೀಲ ಏರಿಸಿ ಸ್ವಲ್ಪ ಕಾಲ ತಳ್ಳಬಹುದು, ಅಷ್ಟೇ. ಅಪಘಾತದಲ್ಲಿ ಮೊಣಕಾಲಿನ ಕೆಳಗೆ ಕಾಲು ಹೋದವರಿಗೆ ಕೃತಕ ಕಾಲಿನಲ್ಲಿ ನಡೆಯಲು ಮಾಮೂಲಿಗಿಂತ ಸುಮಾರು ಶೇ 25ರಷ್ಟು ಹೆಚ್ಚು ಶಕ್ತಿ ಬೇಕು. ತೊಡೆಯಲ್ಲೇ ಹೋಗಿದ್ದರೆ ಶೇ 60ಕ್ಕೂ ಹೆಚ್ಚು. ಹಾಗಾಗಿ ಕೂತು ಮಾಡುವ ಕೆಲಸಕ್ಕೆ ಬಿಚ್ಚಿಟ್ಟು, ಬಸ್ ಹತ್ತಲು, ಮನೆಗೆ ಹೋಗಲು ಹಾಕಿಕೊಳ್ಳುವುದು ಜಾಣತನವೇ.

ಪಂಕ್ಚರ್ ಅಂಗಡಿಗೂ ಕೃತಕ ಕಾಲಿಗೂ ಒಂದು ಹಳೆಯ ನಂಟಿದೆ. 1968ರ ಸುಮಾರಿಗೆ ಜೈಪುರದಲ್ಲಿ ಮೂಳೆ ವೈದ್ಯ ಪ್ರಮೋದ್ ಕರಣ್ ಸೇಥಿ ಮತ್ತು ಕುಶಲಕರ್ಮಿ ರಾಮಚಂದ್ರ ಶರ್ಮ ಸೇರಿ ‘ಜೈಪುರ ಕಾಲು’ ರೂಪಿಸಿದರು. ಶರ್ಮರಿಗೆ ತಮ್ಮ ಸೈಕಲ್ ಪಂಕ್ಚರ್ ಹಾಕಿಸಲು ನಿಂತಿದ್ದಾಗ ಅಲ್ಲಿ ಲಾರಿ ಟೈರಿಗೆ ಹೊಸ ರಬ್ಬರ್ ಬೇಯಿಸಿ ಕೂರಿಸುವುದನ್ನು ಕಂಡು, ಪಾದವನ್ನೂ ಹೀಗೇ ಮಾಡಬಹುದಲ್ಲ ಎಂದು ಹೊಳೆಯಿತಂತೆ. ಆ ಪಾದದಲ್ಲಿ ಬರಿಗಾಲಿನಲ್ಲಿ ನಡೆಯಬಹುದು, ಕೆಸರಿಗೆ ಇಳಿಯಬಹುದು, ಕುಕ್ಕರುಗಾಲಿನಲ್ಲಿ ಕೂರಬಹುದು. ಗದ್ದೆಯ ಬದುವಿನಲ್ಲಿ ನಡೆಯುವವರಿಗೆ ಹೇಳಿ ಮಾಡಿಸಿದ್ದು. 1975ರಲ್ಲಿ ಡಿ.ಆರ್. ಮೆಹ್ತಾ ಸ್ಥಾಪಿಸಿದ ಭಗವಾನ್ ಮಹಾವೀರ ವಿಕಲಾಂಗ ಸಹಾಯತಾ ಸಮಿತಿ ಅದನ್ನು ಪುಕ್ಕಟೆಯಾಗಿ ಕೊಡುತ್ತಾ ಬಂದಿದೆ. ಕೇಂದ್ರ ಸರ್ಕಾರದ ಅಡಿಪ್ ಯೋಜನೆಯಲ್ಲೂ ಕೃತಕ ಕಾಲು ಸಿಗುತ್ತದೆ. ಆದರೆ ಒಮ್ಮೆ ಪಡೆದವರು ಅದೇ ಸಲಕರಣೆಯನ್ನು ಮತ್ತೆ ಪಡೆಯಲು ಮೂರು ವರ್ಷ ಕಾಯಬೇಕು. ಟೈರಿನ ಜೊತೆ ನೆಲದಲ್ಲಿ ಉರುಳಾಡುವವರಿಗೆ ಮೂರು ವರ್ಷ ಬಹಳ ದೀರ್ಘ. ನನ್ನನ್ನು ಹೆಚ್ಚು ನೋಯಿಸುವುದು ಇದು: ಕಾಲು ಕೊಡುವ ಶಿಬಿರದ ಫೋಟೊ ಪತ್ರಿಕೆಯಲ್ಲಿ ಬರುತ್ತದೆ, ಪಟ್ಟಿ ಹರಿದಾಗ, ಸಾಕೆಟ್ ಸಡಿಲವಾದಾಗ ಅದನ್ನು ಸರಿ ಮಾಡುವವರು ತಾಲ್ಲೂಕಿನಲ್ಲಿ ಇರಬೇಕೆಂದು ಯಾರೂ ಕೇಳುವುದಿಲ್ಲ. ರಿಪೇರಿಗೆ ದೂರದ ಊರಿಗೆ ಹೋದ ದಿನ ಅಂಗಡಿಗೆ ಬೀಗ, ಸಂಪಾದನೆ ಸೊನ್ನೆ.

ನಮ್ಮ ಸೀಮೆಯ ಪಂಕ್ಚರ್ ಅಂಗಡಿಗಳು ನೆಚ್ಚಿದ ರಸ್ತೆಗಳೂ ಬದಲಾಗಿವೆ. 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿ ಮದ್ದೂರು, ಮಂಡ್ಯ ಎರಡನ್ನೂ ಬೈಪಾಸಿನಲ್ಲಿ ದಾಟುತ್ತದೆ. ಅದೇ ವರ್ಷದ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರುಗಳಿಗೆ ಮುಖ್ಯ ಪಥದಲ್ಲಿ ಪ್ರವೇಶವಿಲ್ಲ. ಅವೆಲ್ಲ ಸರ್ವಿಸ್ ರಸ್ತೆಯಲ್ಲೇ ಹೋಗಬೇಕಾದ್ದರಿಂದ ಅಲ್ಲಿ ಅಂಗಡಿ ಇಟ್ಟವರಿಗೆ ಗಿರಾಕಿ ಇದ್ದಾರೆ. ಕಾನೂನಿನ ಆಸರೆ ಮಾತ್ರ ಊರಿನೊಳಗಿನವರಿಗೆ ಹೆಚ್ಚು: 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ ನಗರ, ಪಟ್ಟಣಗಳ ವ್ಯಾಪ್ತಿಗೆ ಸೀಮಿತ. ಹೆದ್ದಾರಿ ಬದಿ, ಗ್ರಾಮ ಪಂಚಾಯಿತಿ ಗಡಿಯಲ್ಲಿ ಶೀಟಿನ ಶೆಡ್ಡು ಹಾಕಿಕೊಂಡವರನ್ನು ಅದು ಕಾಯುವುದಿಲ್ಲ. ಇದ್ದದ್ದರಲ್ಲಿ ನೆರವಿಗೆ ಬರಬಹುದಾದದ್ದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 37ನೇ ಕಲಂ. ಉದ್ಯೋಗ, ವ್ಯಾಪಾರಕ್ಕೆ ರಿಯಾಯಿತಿ ದರದಲ್ಲಿ ಜಾಗ ಹಂಚುವಾಗ ಶೇ 5 ಮೀಸಲಿಡಬೇಕು ಎನ್ನುತ್ತದೆ ಅದು. ಅದನ್ನು ಕೇಳಲು ಶೇ 40ಕ್ಕೆ ಕಡಿಮೆಯಿಲ್ಲದ ವೈಕಲ್ಯದ ಪ್ರಮಾಣಪತ್ರ, ಅಂಗವಿಕಲರ ವಿಶಿಷ್ಟ ಗುರುತಿನ ಯುಡಿಐಡಿ ಕಾರ್ಡು ಇರಬೇಕು.

ನಿಮ್ಮ ಸಂಕೋಚದ ಬಗ್ಗೆ. ಕಾಲು ಹೇಗೆ ಹೋಯಿತು ಎಂಬ ಪ್ರಶ್ನೆಗೆ ಅವರು ಎಷ್ಟು ಜನಕ್ಕೆ ಉತ್ತರಿಸಿದ್ದಾರೋ. ಅದನ್ನು ಬಿಟ್ಟು, ‘ಅಣ್ಣ, ಯುಡಿಐಡಿ ಕಾರ್ಡ್ ಆಗಿದೆಯಾ? ಕಾಲಿನ ಸಾಕೆಟ್ ಬಿಗಿಯಾಗಿದೆಯಾ?’ ಎಂದು ಕೇಳಿ ನೋಡಿ. ಇಲ್ಲವೆಂದರೆ, ಗ್ರಾಮ ಪಂಚಾಯಿತಿಗೊಬ್ಬರಂತೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿರುತ್ತಾರೆ, ವಿಆರ್‌ಡಬ್ಲ್ಯು ಎಂದರೆ ಪಂಚಾಯಿತಿಯಲ್ಲಿ ತೋರಿಸುತ್ತಾರೆ. ಅಂಗಡಿ ಬಿಟ್ಟು ಅಲೆಯಲಾಗದವರ ಪರವಾಗಿ ನೀವೇ ಒಮ್ಮೆ ಆ ಕಾರ್ಯಕರ್ತರಿಗೆ ಫೋನ್ ಮಾಡಿ, ಅಂಗಡಿಗೇ ಬಂದು ಅರ್ಜಿ ತುಂಬಿಕೊಂಡು ಹೋಗಲು ಹೇಳಬಹುದು.