ಪಂಚೇಂದ್ರಿಯಗಳ ತೋಟ

ಮನುಷ್ಯನಿಗೆ ಜ್ಞಾನವು ಒದಗುವ ಬಾಗಿಲುಗಳು ಐದು. ಕಣ್ಣು, ಕಿವಿ, ಮೂಗು, ನಾಲಗೆ, ಚರ್ಮಗಳೆಂಬ ಈ ಐದರಲ್ಲಿ ನಮ್ಮ ಶಾಲೆಗಳು ಎರಡನ್ನು ತೆರೆದಿಟ್ಟು ಉಳಿದ ಮೂರಕ್ಕೆ ಅಗುಳಿ ಹಾಕಿವೆಯೆಂದರೆ ಅತಿಶಯೋಕ್ತಿಯಾಗದು. ಕರಿಹಲಗೆಯನ್ನು ನೋಡುವುದು, ಉಪಾಧ್ಯಾಯರು ಹೇಳಿದುದನ್ನು ಕೇಳುವುದು. ಇಷ್ಟರಲ್ಲಿಯೇ ಪಾಠವು ಮುಗಿಯುತ್ತದೆ. ದೃಷ್ಟಿಯಿಲ್ಲದ ಅಥವಾ ಕಿವಿ ಕೇಳದ ಮಗುವಿಗಾದರೋ ತೆರೆದಿರುವ ಬಾಗಿಲು ಒಂದೇ. ಈ ಕೊರತೆಯನ್ನು ಅಂಗಳದಲ್ಲಿಯೇ ತುಂಬಿಕೊಳ್ಳುವ ಪ್ರಯತ್ನವೇ ಪಂಚೇಂದ್ರಿಯಗಳ ತೋಟ.

ಸಾಮಾನ್ಯ ಉದ್ಯಾನದಲ್ಲಿ ಗಿಡಗಳನ್ನು ಮುಟ್ಟಬಾರದೆಂಬ ಫಲಕವಿರುತ್ತದೆ. ಇಲ್ಲಿ ಮುಟ್ಟುವುದು, ಮೂಸುವುದು, ಸವಿಯುವುದೇ ಪಾಠ. ಕಲ್ಪನೆ ತೀರ ಹೊಸದಲ್ಲ. ಜರ್ಮನಿಯ ಫ್ರೊಬೆಲನು 1840ರಲ್ಲಿ ತನ್ನ ಶಿಶುಶಾಲೆಗೆ ‘ಮಕ್ಕಳ ತೋಟ’ವೆಂದೇ ಹೆಸರಿಟ್ಟನು. ಅಮೆರಿಕದ ಬ್ರೂಕ್ಲಿನ್ ಸಸ್ಯೋದ್ಯಾನದಲ್ಲಿ 1955ರಲ್ಲಿ ಅಂಧರಿಗಾಗಿ ಪರಿಮಳದ ತೋಟವೊಂದು ನಿರ್ಮಾಣವಾಯಿತು. ನಮ್ಮ ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು 1930ರ ದಶಕದಲ್ಲಿಯೇ ಪುತ್ತೂರಿನ ಬಾಲವನದಲ್ಲಿ ಆಟಪಾಟ, ಪ್ರಕೃತಿಗಳನ್ನು ಶಿಕ್ಷಣದೊಡನೆ ಬೆಸೆಯಲೆತ್ನಿಸಿದರು.

ಇಂತಹ ತೋಟಕ್ಕೆ ದೂರದ ನರ್ಸರಿಗಳನ್ನು ಅರಸಬೇಕಾಗಿಲ್ಲ. ಉಡುಪಿ ಜಿಲ್ಲೆಯ ನೆಲವೇ ಸಾಕು. ಮೂಗಿಗೆ ತುಳಸಿ, ಮಜ್ಜಿಗೆಹುಲ್ಲು, ದೊಡ್ಡಪತ್ರೆ, ಒಣಗಿದ ಮೇಲೂ ಕಂಪನ್ನು ಬಿಡದ ರಂಜದ ಹೂ ಇವೆ. ನಾಲಗೆಗೆ ಒಂದೆಲಗ, ಬಿಂಬುಳಿ, ಪುನರ್ಪುಳಿ, ನೆಲ್ಲಿ ಇವೆ. ಸ್ಪರ್ಶಕ್ಕೆ ಮುಟ್ಟಿದರೆ ಮುನಿಯೊಂದೇ ಒಂದು ತರಗತಿಯನ್ನು ಅರ್ಧ ಗಂಟೆ ಹಿಡಿದಿಡಬಲ್ಲದು. ಕಣ್ಣಿಗೆ ಕೇಪಳ, ದಾಸವಾಳ, ಶಂಖಪುಷ್ಪಗಳ ಬಣ್ಣ; ಕಿವಿಗೆ ಬಿದಿರಿನ ಮೆಳೆಯ ಕಿರುಗುಟ್ಟುವಿಕೆ, ಅರಳಿ ಎಲೆಗಳ ಸದ್ದು.

ಊರಿಂದೂರಿಗೆ ತೋಟದ ಸ್ವರೂಪವೂ ಬದಲಾಗಬೇಕು. ಮಣಿಪಾಲದ ಗುಡ್ಡದಲ್ಲಿ ಮುರಕಲ್ಲೇ ನೆಲ. ಅಲ್ಲಿ ಗುಂಡಿ ತೋಡುವ ಬದಲು ಕಲ್ಲಿನ ಕಟ್ಟೆ ಕಟ್ಟಿ ಮಣ್ಣು ತುಂಬುವುದು ಲೇಸು. ಆ ಒರಟು ಕಲ್ಲೂ ಬೆರಳಿಗೊಂದು ಪಾಠ. 1432ರ ಗೊಮ್ಮಟನ ಊರಾದ ಕಾರ್ಕಳದಲ್ಲಿ ನುಣುಪು ಶಿಲೆಯನ್ನೂ ಒರಟು ಶಿಲೆಯನ್ನೂ ಅಕ್ಕಪಕ್ಕದಲ್ಲಿಟ್ಟರೆ ಉಳಿಯ ಕೆಲಸವೇನೆಂಬುದು ಕಣ್ಣಿಲ್ಲದವನಿಗೂ ತಿಳಿಯುವುದು. ಕಾಪುವಿನ ಮರಳು ನೆಲದಲ್ಲಿ, ಉಪ್ಪುಗಾಳಿಯಲ್ಲಿ, ಸುರಹೊನ್ನೆ ಹಾಗೂ ಗಾಳಿಮರಗಳು ಬಾಳುತ್ತವೆ; ಗಾಳಿಮರದ ಮರ್ಮರವಂತೂ ಕಡಲಿನ ದನಿಗೆ ಜೊತೆ. ಸಮೀಪದ ಮಟ್ಟುವಿನ ಗುಳ್ಳವು 2011ರಲ್ಲಿ ಭೌಗೋಳಿಕ ಮಾನ್ಯತೆ ಪಡೆದ ಬದನೆ. ಅದರ ನುಣುಪು ಮೈಯನ್ನೂ ತೊಟ್ಟಿನ ಮುಳ್ಳನ್ನೂ ಮಗು ಕೈಯಾರೆ ಅರಿಯಬೇಕು. ಶಂಕರಪುರದ ಮಲ್ಲಿಗೆ ಪರಿಮಳದೊಡನೆ ಲೆಕ್ಕವನ್ನೂ ಕಲಿಸುತ್ತದೆ: ಎಂಟುನೂರು ಮೊಗ್ಗಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ.

ಕೆಲವು ಎಚ್ಚರಿಕೆಗಳು ಅವಶ್ಯಕ. ಗಾಲಿಕುರ್ಚಿ ಸಾಗುವಂತೆ ದಾರಿಯು ನಾಲ್ಕು ಅಡಿಗೆ ಕಡಿಮೆಯಿರಬಾರದು. ಕುಳಿತ ಮಗುವಿನ ಕೈಗೆಟಕುವಂತೆ ಕಟ್ಟೆಯು ಸುಮಾರು ಎರಡಡಿ ಎತ್ತರವಿರಬೇಕು. ಮಳೆಗಾಲದಲ್ಲಿ ಮುರಕಲ್ಲಿನ ಮೇಲೆ ಪಾಚಿ ಬೆಳೆದು ಜಾರುವುದರಿಂದ ಅದನ್ನು ಆಗಾಗ ಉಜ್ಜಬೇಕು. ಹಾವು ಸೇರದಂತೆ ದಟ್ಟ ಪೊದೆಗಳನ್ನು ದಾರಿಯಿಂದ ದೂರವಿಡಬೇಕು. ಎಲ್ಲವನ್ನೂ ಸವಿಯಲು ಕಲಿತ ಮಗುವಿನ ಬಳಿ ಕಣಗಿಲೆ, ಗುಲಗಂಜಿ, ಕಾಸರಕಗಳು ಸುಳಿಯಲೇಬಾರದು; ಅವು ವಿಷ. ಸ್ವಲೀನತೆಯುಳ್ಳ ಕೆಲವು ಮಕ್ಕಳಿಗೆ ಹೆಚ್ಚಿನ ಗಂಧ, ಸದ್ದುಗಳೇ ಹಿಂಸೆಯಾಗುತ್ತವೆ; ಅವರಿಗಾಗಿ ನೆರಳಿನ ನಿಶ್ಶಬ್ದ ಮೂಲೆಯೊಂದನ್ನು ಬಿಡಬೇಕು. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ. ಒಂದೇ ಬಗೆಯ ತೋಟ ಎಲ್ಲರಿಗೂ ಹಿಡಿಸದೆಂಬುದಕ್ಕೆ ಇದೇ ಸಾಕ್ಷಿ.

ಇನ್ನು ಮುಖ್ಯ ಪ್ರಶ್ನೆ: ಕೆಲಸ ಯಾರದು? ಶಾಲೆಯೊಂದರಿಂದಲೇ ಇದು ಸಾಧ್ಯವಲ್ಲ. ಹಳೆ ವಿದ್ಯಾರ್ಥಿ ಸಂಘ, ಯುವಕ ಮಂಡಲ, ಮಹಿಳಾ ಮಂಡಲ, ನಮ್ಮ ರಾಷ್ಟ್ರೀಯ ಸೇವಾ ಯೋಜನೆಯ ವಿದ್ಯಾರ್ಥಿಗಳು ಶ್ರಮದಾನಕ್ಕೆ ಮುಂದಾಗುವವರೇ. ಆದರೆ ಒಂದು ಕಹಿ ಸತ್ಯವನ್ನು ಹೇಳಲೇಬೇಕು. 1950ರಲ್ಲಿ ಆರಂಭವಾದ ವನಮಹೋತ್ಸವದ ದಿನಗಳಿಂದಲೂ ನೆಡುವವರಿಗೆ ನಮ್ಮಲ್ಲಿ ಬರವಿಲ್ಲ; ನೀರೆರೆಯುವವರಿಗೆ ಬರ. ಜೂನ್ ತಿಂಗಳಲ್ಲಿ ಆಕಾಶವೇ ನೀರೆರೆಯುತ್ತದೆ, ಆಗ ಎಲ್ಲರೂ ತೋಟಿಗರೇ. ತೋಟದ ನಿಜವಾದ ಪರೀಕ್ಷೆ ಏಪ್ರಿಲ್, ಮೇ ತಿಂಗಳುಗಳಲ್ಲಿ. ಆಗ ಬಾವಿ ಆಳಕ್ಕಿಳಿದಿರುತ್ತದೆ, ಶಾಲೆಗೆ ರಜೆಯಿರುತ್ತದೆ, ಸ್ವಯಂಸೇವಕರ ಛಾಯಾಚಿತ್ರ ಮಾತ್ರ ಗೋಡೆಯ ಮೇಲೆ ನಗುತ್ತಿರುತ್ತದೆ.

ಆದುದರಿಂದ ಗಿಡಗಳ ಪಟ್ಟಿಗಿಂತ ಮೊದಲು ನೀರಿನ ಸರದಿಯ ಪಟ್ಟಿ ಸಿದ್ಧವಾಗಬೇಕು. ಬೇಸಗೆಯ ಒಂದೊಂದು ವಾರಕ್ಕೂ ಶಾಲೆಯ ಸಮೀಪದ ಎರಡು ಮನೆಗಳು ಹೊಣೆ ಹೊರಲಿ. ಅಷ್ಟು ಮನೆಗಳು ದೊರೆಯದಿದ್ದರೆ ತೋಟವನ್ನು ಅರ್ಧಕ್ಕಿಳಿಸುವುದೇ ವಿವೇಕ. ಬಾಳುವ ಹತ್ತು ಗಿಡಗಳು ಒಣಗುವ ನೂರಕ್ಕಿಂತ ಮೇಲು. ಬಿಸಿಯೂಟದ ಅಡುಗೆಮನೆಯಲ್ಲಿ ತರಕಾರಿ ತೊಳೆದ ನೀರನ್ನು ಶಾಲೆಯ ದಿನಗಳಲ್ಲಿ ಕಟ್ಟೆಗಳಿಗೆ ಹರಿಸಬಹುದು. ಗಿಡಗಳ ಆಯ್ಕೆಯಲ್ಲಿ ಊರಿನ ಅಜ್ಜಿಯರ ಸಲಹೆಯನ್ನೂ ಪಡೆಯಬೇಕು. ಒಂದೆಲಗವನ್ನು ತುಳುವಿನಲ್ಲಿ ತಿಮರೆಯೆಂದು ಕರೆದು ಚಟ್ನಿ ಅರೆಯುವ ಅವರ ಅನುಭವವು ಪುಸ್ತಕದಲ್ಲಿ ಸಿಗದು.

ಜಿಲ್ಲೆಯ ಅನೇಕ ಸರಕಾರಿ ಕನ್ನಡ ಶಾಲೆಗಳಲ್ಲಿ ಮಕ್ಕಳ ಸಂಖ್ಯೆ ಕುಗ್ಗುತ್ತಿದೆ. ತೋಟವೊಂದೇ ಶಾಲೆಯನ್ನು ಉಳಿಸದು. ಆದರೆ ಬೇಸಗೆಯುದ್ದಕ್ಕೂ ನೀರೆರೆದ ಮನೆಯವರು ಆ ಶಾಲೆಯನ್ನು ‘ನಮ್ಮದು’ ಎಂದು ಕರೆಯುವುದರಲ್ಲಿ ಸಂದೇಹವಿಲ್ಲ. ಊರು ತನ್ನದೆಂದು ತಿಳಿದ ಶಾಲೆ ಸುಲಭವಾಗಿ ಮುಚ್ಚಲಾರದು. ನಮ್ಮ ಕಾಲೇಜಿನ ಸೇವಾ ಶಿಬಿರಗಳನ್ನು ಯೋಜಿಸುವವರು ಈ ಕಾರ್ಯವನ್ನು, ವಿಶೇಷವಾಗಿ ಅದರ ಬೇಸಗೆಯ ಭಾಗವನ್ನು, ಗಮನಕ್ಕೆ ತಂದುಕೊಳ್ಳಬೇಕೆಂದು ವಿನಂತಿ.