ಟ್ರ್ಯಾಕ್ಟರ್ ಬ್ಯಾಕ್‌ಹೋದಲ್ಲಿ ಕೈಗೆಟುಕದ ಎಣ್ಣೆ ಸೋರಿಕೆ: ಪತ್ತೆ ಮತ್ತು ದುರಸ್ತಿ

ಮುಂಡಗೋಡ ತಾಲೂಕಿನ ಅತ್ತಿವೇರಿಯಂಥ ಅರೆಮಲೆನಾಡಿನ ಹಳ್ಳಿಗಳಲ್ಲಿ ಮಳೆಗಾಲಕ್ಕೆ ಮೊದಲೇ ಮುಗಿಯಬೇಕಾದ ಅಗೆತದ ಕೆಲಸಗಳು ಹಲವು. ಗದ್ದೆಯ ಬಸಿಗಾಲುವೆ, ತೋಟದ ಪೈಪಿನ ಕಾಲುವೆ, ಗಿಡ ನೆಡುವ ಗುಂಡಿ ಇವೆಲ್ಲಕ್ಕೂ ಸಣ್ಣ ಟ್ರ್ಯಾಕ್ಟರಿನ ಹಿಂದೆ ಜೋಡಿಸುವ ಬ್ಯಾಕ್‌ಹೋ, ಅಂದರೆ ಅಗೆಯುವ ತೋಳು, ಅನುಕೂಲ. ದೊಡ್ಡ ಯಂತ್ರ ತಿರುಗಲಾಗದ ಸಾಲುಗಳ ನಡುವೆಯೂ ಇದು ಹೋಗುತ್ತದೆ. ಆದರೆ ಯಂತ್ರ ಚಿಕ್ಕದಾದಷ್ಟೂ ಪೈಪುಗಳು ಇಕ್ಕಟ್ಟಿನಲ್ಲಿರುತ್ತವೆ. ಕಾಲುವೆ ಅರ್ಧ ಆಗಿರುವಾಗ ಒಳಗೆಲ್ಲೋ ಎಣ್ಣೆ ಸೋರತೊಡಗಿದರೆ ರೈತನಿಗೆ ಕಳವಳವಾಗುವುದು ಸಹಜ. ಇಂಥ ಸಮಯದಲ್ಲಿ ಆತುರಪಟ್ಟು ಕೈ ಹಾಕದೆ, ಮೊದಲು ಸೋರುವ ಜಾಗವನ್ನು ಖಚಿತಪಡಿಸಿಕೊಂಡು ಆಮೇಲೆ ಪಾನಾ ಹಿಡಿಯುವುದೇ ಸರಿಯಾದ ಕ್ರಮ.

ಸಣ್ಣ ಸೋರಿಕೆಯೆಂದು ಕಡೆಗಣಿಸುವಂತಿಲ್ಲ. 20 ಹನಿಗೆ 1 ಮಿಲಿಲೀಟರ್ ಎಂದು ಹಿಡಿದರೆ, ಸೆಕೆಂಡಿಗೆ ಒಂದು ಹನಿಯಂತೆ ಸೋರಿದರೂ ಗಂಟೆಗೆ 180 ಮಿಲಿಲೀಟರ್ ಆಗುತ್ತದೆ. 8 ಗಂಟೆ ದುಡಿದರೆ ಸುಮಾರು ಒಂದೂವರೆ ಲೀಟರ್ ಎಣ್ಣೆ ಮಣ್ಣುಪಾಲು. ಎಣ್ಣೆ ಕಡಿಮೆಯಾದರೆ ಪಂಪು ಗಾಳಿ ಎಳೆದು ಬಲು ಬೇಗ ಸವೆಯುತ್ತದೆ.

ಮೊದಲು ಎಚ್ಚರಿಕೆ

ಈ ಯಂತ್ರಗಳಲ್ಲಿ ಎಣ್ಣೆಯ ಒತ್ತಡ ಚದರ ಸೆಂಟಿಮೀಟರಿಗೆ 150 ಕಿಲೋಗ್ರಾಂ ಅಥವಾ ಅದಕ್ಕೂ ಹೆಚ್ಚು ಇರಬಹುದು. ಸೂಜಿಮೊನೆಯಷ್ಟು ತೂತಿನಿಂದ ಚಿಮ್ಮುವ ಎಣ್ಣೆ ಕಣ್ಣಿಗೆ ಕಾಣದಿದ್ದರೂ ಚರ್ಮವನ್ನು ಸೀಳಿ ಒಳಹೋಗಬಲ್ಲದು. ಆದ್ದರಿಂದ ಎಂಜಿನ್ ನಡೆಯುತ್ತಿರುವಾಗ ಸೋರಿಕೆಯನ್ನು ಕೈಯಿಂದ ಸವರಿ ಹುಡುಕಕೂಡದು. ಕೈಚೀಲ ತೊಟ್ಟರೂ ಇದಕ್ಕೆ ತಡೆಯಿಲ್ಲ.

ಎಣ್ಣೆ ಒಳಹೊಕ್ಕ ಗಾಯ ಮುಳ್ಳು ಚುಚ್ಚಿದಷ್ಟೇ ಕಾಣುತ್ತದೆ. ಮೊದಲಿಗೆ ನೋವೂ ಹೆಚ್ಚಿರುವುದಿಲ್ಲ. ಹಾಗೆಂದು ಅರಿಸಿನ ಹಚ್ಚಿ ಸುಮ್ಮನಿದ್ದರೆ ಬೆರಳನ್ನೇ ಕಳೆದುಕೊಳ್ಳುವ ಪ್ರಸಂಗ ಬರಬಹುದು. ಗಾಯವನ್ನು ಹಿಂಡದೆ, ಕಾವು ಕೊಡದೆ, ಕೂಡಲೇ ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಹುಬ್ಬಳ್ಳಿಯಂಥ ಊರಿನ ಆಸ್ಪತ್ರೆಗೆ ಹೋಗಬೇಕು. ಒತ್ತಡದ ಎಣ್ಣೆ ಒಳಹೋಗಿದೆಯೆಂದು ವೈದ್ಯರಿಗೆ ಸ್ಪಷ್ಟವಾಗಿ ತಿಳಿಸಬೇಕು.

ಸೋರುವ ಜಾಗದ ಪತ್ತೆ

ಹನಿ ಬೀಳುವ ಜಾಗವೇ ಸೋರುವ ಜಾಗವಲ್ಲ. ಎಣ್ಣೆ ಪೈಪಿನ ಗುಂಟ ಹರಿದು ಎಲ್ಲಿಯೋ ತೊಟ್ಟಿಕ್ಕುತ್ತದೆ. ಅದಕ್ಕೆ ಕೆಂಪು ಮಣ್ಣು ಮೆತ್ತಿಕೊಂಡರೆ ಎಲ್ಲ ಪೈಪೂ ಒಂದೇ ರೀತಿ ಕಾಣುತ್ತದೆ. ಆದ್ದರಿಂದ ಈ ಕ್ರಮ ಅನುಸರಿಸಿರಿ:

1. ಎಂಜಿನ್ ನಿಲ್ಲಿಸಿ, ತಣಿದ ಮೇಲೆ ಮಣ್ಣು ಕೆರೆದು, ಸಾಬೂನು ನೀರಿನಿಂದ ತೊಳೆದು ಒಣಗಲು ಬಿಡಿರಿ.

2. ಸಂಶಯವಿರುವ ಜಾಗಗಳಿಗೆ ಸೀಮೆಸುಣ್ಣದ ಪುಡಿ ಅಥವಾ ಮುಖಕ್ಕೆ ಹಚ್ಚುವ ಪೌಡರ್ ಉದುರಿಸಿರಿ. ಎಣ್ಣೆ ಮೊದಲು ಒಸರುವಲ್ಲಿ ಪುಡಿ ಕಪ್ಪಾಗುತ್ತದೆ.

3. ಒಬ್ಬರು ಆಸನದಲ್ಲಿ ಕುಳಿತು ಎಂಜಿನ್ನನ್ನು ನಿಧಾನಗತಿಯಲ್ಲಿ ನಡೆಸಿ, ಒಂದೊಂದೇ ಹಿಡಿಕೆಯನ್ನು ಆಡಿಸಲಿ. ಇನ್ನೊಬ್ಬರು ಕನ್ನಡಕ ಧರಿಸಿ, ತೋಳಿನ ಚಲನೆಗೆ ಸಿಗದಂತೆ ದೂರ ನಿಂತು ನೋಡಲಿ. ಉದ್ದ ಕೋಲಿಗೆ ರಟ್ಟಿನ ತುಂಡು ಕಟ್ಟಿ ಹಿಡಿದರೆ ಚಿಮ್ಮುವ ಎಣ್ಣೆ ರಟ್ಟಿನ ಮೇಲೆ ಗುರುತು ಮಾಡುತ್ತದೆ. ಪಂಪು ತಿರುಗಿಸುವ ಶಾಫ್ಟಿನ ಬಳಿ ಪಂಚೆ, ಟವೆಲ್ಲು ತೊಟ್ಟು ಹೋಗಕೂಡದು.

ಈ ಪರೀಕ್ಷೆಯೇ ಅರ್ಧ ಉತ್ತರ ಹೇಳುತ್ತದೆ. ತೋಳನ್ನು ಎಡಬಲಕ್ಕೆ ತಿರುಗಿಸುವ ಹಿಡಿಕೆ ಆಡಿಸಿದಾಗ ಮಾತ್ರ ಸೋರಿದರೆ ದೋಷ ಆ ಸಿಲಿಂಡರಿನ ದಾರಿಯಲ್ಲಿದೆ. ಯಾವ ಹಿಡಿಕೆಯನ್ನೂ ಮುಟ್ಟದಿದ್ದಾಗಲೂ ಸೋರಿದರೆ ಪಂಪಿನಿಂದ ಬರುವ ಅಥವಾ ಟ್ಯಾಂಕಿಗೆ ಮರಳುವ ಪೈಪನ್ನು ನೋಡಬೇಕು. ಹೊರಗೆ ಹನಿಯೇ ಬೀಳದೆ, ಎಣ್ಣೆ ನೊರೆಗಟ್ಟಿ ಪಂಪು ಕಿರುಚಿದರೆ, ಟ್ಯಾಂಕಿನಿಂದ ಪಂಪಿಗೆ ಹೋಗುವ ಪೈಪಿನ ಜೋಡಣೆಯಲ್ಲಿ ಗಾಳಿ ಒಳಹೋಗುತ್ತಿರುವ ಸಂಭವ ಹೆಚ್ಚು.

ಒತ್ತಡ ಇಳಿಸುವುದು

ಯಂತ್ರವನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಗಾಲಿಗಳಿಗೆ ಅಡ್ಡ ಕೊಟ್ಟು, ಬಕೆಟ್ಟನ್ನೂ ಎರಡು ಆಧಾರದ ಕಾಲುಗಳನ್ನೂ ನೆಲಕ್ಕೆ ಊರಬೇಕು. ಎಂಜಿನ್ ನಿಲ್ಲಿಸಿದ ಮೇಲೆ ಎಲ್ಲ ಹಿಡಿಕೆಗಳನ್ನು ಎರಡೂ ಕಡೆಗೆ ಹಲವು ಸಲ ಆಡಿಸಿ, ಟ್ಯಾಂಕಿನ ಮುಚ್ಚಳವನ್ನು ನಿಧಾನವಾಗಿ ಸಡಿಲಿಸಬೇಕು. ಕೀಲಿಯನ್ನು ಕೈಯಲ್ಲಿಟ್ಟುಕೊಳ್ಳಿರಿ. ಎತ್ತಿ ನಿಲ್ಲಿಸಿದ ತೋಳಿನ ಕೆಳಗೆ ಯಾವ ಕಾರಣಕ್ಕೂ ನುಸುಳಬಾರದು. ಆ ಭಾರವನ್ನು ಹಿಡಿದಿರುವುದು ನೀವು ಬಿಚ್ಚಲಿರುವ ಪೈಪಿನ ಎಣ್ಣೆಯೇ ಆಗಿರಬಹುದು.

ಇಕ್ಕಟ್ಟಿಗೆ ದಾರಿ

ಕೈಗೆಟುಕದ ಜಾಗಗಳು ಮುಖ್ಯವಾಗಿ ಎರಡು: ತೋಳು ತಿರುಗುವ ಕೀಲಿನ ಸುತ್ತ, ಮತ್ತು ಹಿಡಿಕೆಗಳ ಕೆಳಗಿನ ವಾಲ್ವಿನ ಹಿಂಬದಿ. ಕೀಲಿನ ಬಳಿ ದೋಷವಿದ್ದರೆ, ಒತ್ತಡ ಇಳಿಸುವ ಮೊದಲೇ ತೋಳನ್ನು ಪೂರ್ತಿ ಒಂದು ಪಕ್ಕಕ್ಕೆ ತಿರುಗಿಸಿ ಬಕೆಟ್ಟನ್ನು ನೆಲಕ್ಕೆ ಊರಿರಿ. ಆಗ ಇನ್ನೊಂದು ಪಕ್ಕದಲ್ಲಿ ಜಾಗ ತೆರೆದುಕೊಳ್ಳುತ್ತದೆ. ತಿರುಗದಂತೆ ತಡೆಯುವ ಪಿನ್ನು ಆ ಸ್ಥಾನದಲ್ಲಿ ಕೂಡುವಂತಿದ್ದರೆ ಹಾಕಬೇಕು.

ವಾಲ್ವಿನ ಹಿಂದೆ ಪಾನಾ ತೂರಿಸಿ ಗುದ್ದಾಡುವುದಕ್ಕಿಂತ, ಕಾಲಿಡುವ ತಗಡು ಬಿಚ್ಚಿ, ವಾಲ್ವಿನ ಬೋಲ್ಟುಗಳನ್ನು ಕಳಚಿ, ಪೈಪುಗಳ ಸಮೇತ ಅದನ್ನು ತುಸು ಮೇಲೆತ್ತುವುದು ಹಲವು ಯಂತ್ರಗಳಲ್ಲಿ ಸುಲಭ. ಅರ್ಧ ಗಂಟೆ ಹೆಚ್ಚು ಹಿಡಿದರೂ ನಟ್ಟಿನ ಮೂಲೆಗಳು ಉಳಿಯುತ್ತವೆ. ಬಿಚ್ಚುವ ಮೊದಲು ಮೊಬೈಲಿನಲ್ಲಿ ಚಿತ್ರ ತೆಗೆದು, ಪ್ರತಿ ಪೈಪಿಗೂ ಗುರುತಿನ ಚೀಟಿ ಕಟ್ಟಿರಿ. ಪೈಪು ಅದಲುಬದಲಾದರೆ ಹಿಡಿಕೆ ಒಂದು ಕಡೆಗೆ, ತೋಳು ಇನ್ನೊಂದು ಕಡೆಗೆ ಹೋಗಿ ಅಪಘಾತವಾದೀತು.

ದುರಸ್ತಿ

ಜೋಡಣೆ ಸಡಿಲವಾಗಿದ್ದರೆ ಎರಡು ಪಾನಾ ಬಳಸಿರಿ. ಒಂದು ಹಿಂದಿನ ತುಂಡನ್ನು ಹಿಡಿದಿರಲಿ, ಇನ್ನೊಂದು ನಟ್ಟನ್ನು ತಿರುಗಿಸಲಿ. ಬಿಗಿ ಮಾಡಿದರೂ ಸೋರಿಕೆ ನಿಲ್ಲದಿದ್ದರೆ ಇನ್ನಷ್ಟು ಬಲ ಹಾಕಬೇಡಿರಿ, ಬಿಚ್ಚಿ ನೋಡಿರಿ. ಓ-ರಿಂಗ್ ಚಪ್ಪಟೆಯಾಗಿದ್ದರೆ ಅದೇ ಅಳತೆಯ, ಹೈಡ್ರಾಲಿಕ್ ಎಣ್ಣೆಗೆ ಒಗ್ಗುವ ಹೊಸದನ್ನು ಎಣ್ಣೆ ಸವರಿ ಕೂಡಿಸಬೇಕು. ಓ-ರಿಂಗ್ ಅಥವಾ ಓರೆಮುಖದ ಜೋಡಣೆಗೆ ನಲ್ಲಿಗೆ ಸುತ್ತುವ ಬಿಳಿ ಟೇಪು ಸುತ್ತಕೂಡದು. ಅದರ ಚೂರುಗಳು ವಾಲ್ವನ್ನು ಕಟ್ಟಿಸಿಬಿಡುತ್ತವೆ.

ರಬ್ಬರ್ ಪೈಪು ಉಜ್ಜಿ ತಂತಿ ಕಾಣುತ್ತಿದ್ದರೆ ಬದಲಾಯಿಸುವುದೊಂದೇ ದಾರಿ. ಟ್ಯೂಬು ಸುತ್ತಿ ಕ್ಲಿಪ್ಪು ಬಿಗಿಯುವುದು ಅಪಾಯಕರ. ಹಳೆಯ ಪೈಪನ್ನೇ ಅಂಗಡಿಗೆ ಒಯ್ದು ಅದೇ ಉದ್ದ, ಅದೇ ಮರೆ, ಅಷ್ಟೇ ಒತ್ತಡ ತಾಳುವ ಪೈಪು ಮಾಡಿಸಿರಿ. ಅಲ್ಲಿಯವರೆಗೆ ತೆರೆದ ಬಾಯಿಗಳನ್ನು ಬಿರಡೆಯಿಂದ ಮುಚ್ಚಿಡಬೇಕು. ಹೊಸ ಪೈಪಿನ ಮೇಲಿನ ಗೆರೆ ನೇರವಾಗಿರಲಿ. ಗೆರೆ ಸುತ್ತಿಕೊಂಡರೆ ಪೈಪು ತಿರುಚಿದೆ ಎಂದರ್ಥ. ಕೊನೆಯ ಬಿಗಿತಕ್ಕೆ ಮೊದಲು, ತೋಳು ಎರಡೂ ಪಕ್ಕಕ್ಕೆ ತಿರುಗುವಷ್ಟು ಸಡಿಲವಿದೆಯೇ, ಕಬ್ಬಿಣದ ಅಂಚಿಗೆ ಉಜ್ಜುತ್ತದೆಯೇ ಎಂದು ಅಂದಾಜು ಮಾಡಿರಿ.

ಪರೀಕ್ಷೆ ಮತ್ತು ಆರೈಕೆ

ಕೈಪಿಡಿಯಲ್ಲಿ ಹೇಳಿದ ಎಣ್ಣೆಯನ್ನು ತುಂಬಿ, ಎಂಜಿನ್ನನ್ನು ನಿಧಾನಗತಿಯಲ್ಲಿ ನಡೆಸಿ, ಪ್ರತಿ ಹಿಡಿಕೆಯನ್ನು ಮೆಲ್ಲಗೆ ಕೆಲವು ಸಲ ಪೂರ್ತಿ ಆಡಿಸಿದರೆ ಒಳಗಿನ ಗಾಳಿ ಹೊರಹೋಗುತ್ತದೆ. ಎಣ್ಣೆಯ ಮಟ್ಟ ನೋಡಿ, ರಟ್ಟಿನ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿರಿ. ಮೊದಲ ದಿನದ ಕೆಲಸ ಮುಗಿದ ಮೇಲೆ ಒತ್ತಡ ಇಳಿಸಿ ಜೋಡಣೆಗಳನ್ನು ಪರಿಶೀಲಿಸಬೇಕು.

ಬಿಚ್ಚುವಾಗ ಸುರಿಯುವ ಎಣ್ಣೆಯನ್ನು ಡಬ್ಬಿಯಲ್ಲಿ ಹಿಡಿದು, ಹಳೆಯ ಎಣ್ಣೆ ಸಂಗ್ರಹಿಸುವ ಅಧಿಕೃತರಿಗೆ ಕೊಡಿರಿ. ಅತ್ತಿವೇರಿಯ ಜಲಾಶಯ ಪಕ್ಷಿಧಾಮವೂ ಹೌದು. ಹಳ್ಳಕ್ಕೆ ಚೆಲ್ಲಿದ ಎಣ್ಣೆ ನೀರಿನ ಮೇಲೆ ಪದರಗಟ್ಟಿ ಹಕ್ಕಿಯ ರೆಕ್ಕೆಗೂ ಮೀನಿಗೂ ಕುತ್ತು ತರುತ್ತದೆ.

ಮಳೆಗಾಲದಲ್ಲಿ ಯಂತ್ರವನ್ನು ಸೂರಿನಡಿ, ಸಿಲಿಂಡರಿನ ದಂಡಗಳು ಆದಷ್ಟು ಒಳಗಿರುವಂತೆ ನಿಲ್ಲಿಸಿದರೆ ತುಕ್ಕು ಹಿಡಿದು ಸೀಲು ಹರಿಯುವುದು ತಪ್ಪುತ್ತದೆ. ಇಲಿಗಳು ಪೈಪು ಕಡಿಯದಂತೆ ನೋಡಿಕೊಳ್ಳಬೇಕು. ವಾರಕ್ಕೊಮ್ಮೆ ಮಣ್ಣು ತೊಳೆದರೆ ಸೋರಿಕೆ ಮೊದಲ ಹನಿಯಲ್ಲೇ ಕಣ್ಣಿಗೆ ಬೀಳುತ್ತದೆ. ಕಾಲುವೆಯ ಕೆಲಸ ಒಂದು ದಿನ ತಡವಾದರೆ ಮರುದಿನ ಮುಗಿಸಬಹುದು. ಕಳೆದುಕೊಂಡ ಬೆರಳು ಮರಳಿ ಬರುವುದಿಲ್ಲ ಎಂಬುದನ್ನು ರೈತ ಬಾಂಧವರು ಮರೆಯಬಾರದು.